ಬೇರಿಗೂ ಎಲೆಗೂ ಇರುವ ಋಣ



ನಮ್ಮ ಕರ್ತನಾದ ಯೇಸು ಕ್ರಿಸ್ತನು ಶತ್ರುಗಳ ಕೈಗೆ ಒಪ್ಪಿಸಲ್ಪಟ್ಟ ರಾತ್ರಿಯಲ್ಲಿ ತನ್ನ ಶಿಷ್ಯರಿಗೆ ದ್ರಾಕ್ಷೇಬಳ್ಳಿಯ ಸಾಮ್ಯವನ್ನು ಹೇಳಿದನೆಂದು ಯೋಹಾನನು ಬರೆದ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಓದುತ್ತೇವೆ. ಕೊಂಬೆಯ ಜೀವವು ಬಳ್ಳಿಯೊಂದಿಗೆ ಅದಕ್ಕಿರುವ ಕೂಡಿಕೆಯಲ್ಲಿಯೇ ಅಡಗಿದೆ ಎಂಬದು ಆ ಬೋಧನೆಯ ಸಾರಾಂಶ. ಇದನ್ನು ನಾವು ಅನೇಕ ಸಾರಿ ಕೇಳಿದ್ದೇವೆ. ಆದರೆ ಆ ಕೂಡಿಕೆಯೊಳಗೆ ಏನು ಹರಿಯುತ್ತದೆ, ಎತ್ತಣಿಂದ ಎತ್ತ ಹರಿಯುತ್ತದೆ ಎಂಬದನ್ನು ವಿಚಾರಿಸಿದ್ದು ಕಡಿಮೆ. ಹೊಲ ತೋಟಗಳಲ್ಲಿ ದುಡಿಯುವ ನಮಗೆ ಇದು ಅಗತ್ಯವಾಗಿ ತಿಳಿಯತಕ್ಕ ಸಂಗತಿಯಾಗಿದೆ.

ಒಂದು ಹಳ್ಳಿಯಲ್ಲಿ ನಾವು ಕಂಡದ್ದನ್ನು ಮೊದಲು ಹೇಳುವೆವು. ಇಬ್ಬರು ಅಣ್ಣತಮ್ಮಂದಿರ ಹಿತ್ತಿಲುಗಳ ಗಡಿಯಲ್ಲಿ ಅವರ ತಂದೆಯು ನೆಟ್ಟ ಒಂದು ಹಲಸಿನ ಮರವಿತ್ತು. ಹಣ್ಣು ಹಂಚುವದರಲ್ಲಿ ಜಗಳ ಹುಟ್ಟಿತು. ಒಂದು ರಾತ್ರಿ ಅವರಲ್ಲೊಬ್ಬನು ಮರದ ಬುಡದಲ್ಲಿ ಗೇಣಗಲದ ತೊಗಟೆಯನ್ನು ಸುತ್ತಲೂ ಕೆತ್ತಿ ತೆಗೆದನು. ಮರವು ವಾರದೊಳಗೆ ಬಾಡುವದೆಂದು ಊರವರು ಹೇಳಿದರು. ವಾರವಾಯಿತು, ತಿಂಗಳಾಯಿತು, ಒಂದು ಎಲೆಯೂ ಬಾಡಲಿಲ್ಲ. ಆ ವರುಷದ ಫಲವೂ ಚೆನ್ನಾಗಿಯೇ ಬಂತು. ಕೆತ್ತಿದವನು ತನ್ನಿಂದ ಮರಕ್ಕೆ ಕೇಡೇನೂ ಆಗಲಿಲ್ಲವೆಂದು ಹೇಳಿಕೊಂಡು ತಿರುಗಿದನು. ಮರುವರುಷ ತುದಿಯ ರೆಂಬೆಗಳು ಒಣಗಿದವು. ಅದರ ಮುಂದಿನ ಮಳೆಗಾಲದ ಗಾಳಿಗೆ ಮರವು ಬುಡಸಹಿತ ಉರುಳಿತು. ನಾವು ಹೋಗಿ ನೋಡಿದಾಗ ಬೇರುಗಳು ಕೊಳೆತುಹೋಗಿದ್ದವು.

ಗಾಯವಾದ ಮೇಲೆಯೂ ಆ ಮರವು ಹಸುರಾಗಿದ್ದದ್ದು ಹೇಗೆ? ಹಸುರಾಗಿದ್ದೂ ಸತ್ತದ್ದು ಏಕೆ?

ಮೊದಲನೆಯದಾಗಿ, ಬೇರು ಎಲೆಗೆ ಕೊಡುವದನ್ನು ನೋಡೋಣ. ಬೇರಿನ ತುದಿಗಳ ಬಳಿಯಲ್ಲಿ ಬಹು ಸೂಕ್ಷ್ಮವಾದ ಬೇರುರೋಮಗಳುಂಟು. ಅವು ಮಣ್ಣಿನ ಕಣಗಳ ನಡುವಿರುವ ತೇವವನ್ನೂ ಅದರಲ್ಲಿ ಕರಗಿರುವ ಸಾರಜನಕ, ರಂಜಕ, ಪೊಟ್ಯಾಶಿಯಮ್ ಮೊದಲಾದವುಗಳ ಲವಣಗಳನ್ನೂ ಹೀರಿಕೊಳ್ಳುವವು. ನಾವು ಹಾಕುವ ಗೊಬ್ಬರದ ಸತ್ವವು ಈ ದಾರಿಯಿಂದಲೇ ಗಿಡವನ್ನು ಸೇರುವದು. ಅಲ್ಲಿಂದ ನೀರು ಕಟ್ಟಿಗೆಯೊಳಗಿನ ಸಣ್ಣ ನಾಳಗಳಲ್ಲಿ ಮೇಲಕ್ಕೇರುವದು. ಶಾಸ್ತ್ರಜ್ಞರು ಈ ಭಾಗವನ್ನು ಕ್ಸೈಲಂ ಎಂದು ಕರೆಯುವರು. ಈ ನಾಳಗಳು ಸತ್ತ ಜೀವಕೋಶಗಳಿಂದ ಆದವುಗಳೆಂಬದು ಆಶ್ಚರ್ಯವಲ್ಲವೇ? ಆ ಕೋಶಗಳು ಬೆಳೆದು, ತಮ್ಮ ಗೋಡೆಗಳನ್ನು ಗಟ್ಟಿಮಾಡಿ, ತರುವಾಯ ಸತ್ತು ಒಳಗೆ ಬರಿದಾಗುವವು. ಅವು ಬರಿದಾದದ್ದರಿಂದಲೇ ನೀರಿಗೆ ದಾರಿಯಾಯಿತು. ನಮಗಿಂತ ಮುಂಚೆ ಸಭೆಗಳನ್ನು ಕಟ್ಟಿ ಗತಿಸಿದ ಹಿರಿಯರನ್ನು ನೆನಸುವಾಗ ಈ ಸಂಗತಿಯು ನಮ್ಮ ಮನಸ್ಸಿಗೆ ಬರಲಿ.

ಈ ನೀರನ್ನು ಅಷ್ಟು ಎತ್ತರಕ್ಕೆ ಎತ್ತುವದು ಯಾವದು? ಇಂಗ್ಲೆಂಡಿನ ಟೆಡಿಂಗ್ಟನ್ ಎಂಬ ಊರಲ್ಲಿ ಸಭಾಪಾಲಕರಾಗಿದ್ದ ಸ್ಟೀಫನ್ ಹೇಲ್ಸ್ ಎಂಬವರು ಇದನ್ನು ಬಹು ತಾಳ್ಮೆಯಿಂದ ಶೋಧಿಸಿದರು. ಕಾಲಮೀರಿ ಕತ್ತರಿಸಿದ ಒಂದು ದ್ರಾಕ್ಷೇಬಳ್ಳಿಯ ಗಾಯದಿಂದ ನೀರು ಸೋರುವದನ್ನು ಕಂಡು, ಬಳ್ಳಿಯು ಸಾಯುವದೆಂದು ಹೆದರಿ, ಅವರು ಗಾಯದ ಮೇಲೆ ಒಂದು ಪೊರೆಯನ್ನು ಬಿಗಿದು ಕಟ್ಟಿದರು. ಆ ಪೊರೆಯು ಒಳಗಿನ ಒತ್ತಡದಿಂದ ಉಬ್ಬಿತು. ಬೇರು ತಳ್ಳುವದೆಂದು ಹೀಗೆ ಗೊತ್ತಾಯಿತು. ಮತ್ತೊಂದು ಸಾರಿ ಕುಂಡದಲ್ಲಿ ಬೆಳೆದ ಸೂರ್ಯಕಾಂತಿ ಗಿಡವನ್ನು ಅವರು ಬೆಳಿಗ್ಗೆಯೂ ಸಾಯಂಕಾಲವೂ ತೂಗಿ ನೋಡಿದರು. ಹಗಲಿನ ಹನ್ನೆರಡು ತಾಸುಗಳಲ್ಲಿ ಅದು ಸರಾಸರಿ ಒಂದು ಪೌಂಡಿಗೂ ಹೆಚ್ಚು ನೀರನ್ನು ಗಾಳಿಗೆ ಬಿಡುವದೆಂದು ಕಂಡು, 1727ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಬರೆದರು.

ಎತ್ತರವಾದ ಮರದಲ್ಲಿ ಬೇರಿನ ತಳ್ಳುವಿಕೆಗಿಂತ ಎಲೆಯ ಎಳೆತವೇ ಹೆಚ್ಚಿನದು. ಎಲೆಯ ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋಗುವಾಗ ಅದರ ಹಿಂದಿನ ನೀರು ಎಳೆಯಲ್ಪಡುವದು. ನೀರಿನ ಕಣಗಳು ಒಂದನ್ನೊಂದು ಬಿಡದೆ ಹಿಡಿದುಕೊಂಡಿರುವದರಿಂದ ಆ ಎಳೆತವು ಬೇರಿನ ವರೆಗೂ ಮುಟ್ಟುವದು. ಇದನ್ನು 1894ರಲ್ಲಿ ಡಬ್ಲಿನ್ ಪಟ್ಟಣದ ಡಿಕ್ಸನ್, ಜಾಲಿ ಎಂಬಿಬ್ಬರು ವಿವರಿಸಿದರು. ಅಮೇರಿಕದ ಕ್ಯಾಲಿಫೋರ್ನಿಯದಲ್ಲಿ 115 ಮೀಟರಿಗೂ ಮಿಕ್ಕಿ ಬೆಳೆದಿರುವ ರೆಡ್‌ವುಡ್ ಮರವುಂಟು. ಅಲ್ಲಿ ಏತವಿಲ್ಲ, ಕಪಿಲೆಯಿಲ್ಲ, ಪಂಪಿಲ್ಲ. ಆದರೂ ತುದಿಯ ಎಲೆಗೆ ನೀರು ಮುಟ್ಟುವದು.

ಎರಡನೆಯದಾಗಿ, ಎಲೆಯು ಬೇರಿಗೆ ಕೊಡುವದನ್ನು ನೋಡೋಣ. ಎಲೆಯು ಬಿಸಿಲಿನ ಬಲದಿಂದ, ಗಾಳಿಯಲ್ಲಿರುವ ಇಂಗಾಲಾಮ್ಲವನ್ನೂ ಬೇರು ಕಳುಹಿಸಿದ ನೀರನ್ನೂ ಕೂಡಿಸಿ ಸಕ್ಕರೆಯನ್ನು ಮಾಡುವದು. ಮಣ್ಣಿನ ಕತ್ತಲೆಯಲ್ಲಿರುವ ಬೇರಿಗೆ ಈ ಕೆಲಸ ಸಾಧ್ಯವಿಲ್ಲ. ಆದದರಿಂದ ಅದು ಎಲೆಯ ದುಡಿಮೆಯಿಂದಲೇ ಬದುಕಬೇಕು. ಈ ಸಿಹಿರಸದ ದಾರಿಯು ತೊಗಟೆಯ ಒಳಪದರದಲ್ಲಿದೆ. ಇದಕ್ಕೆ ಫ್ಲೋಯಂ ಎಂದು ಹೆಸರು. ಇದು ಜೀವವುಳ್ಳ ದಾರಿ. ಇದರ ಒಂದೊಂದು ಕೋಶವನ್ನೂ ಪಕ್ಕದ ಜೊತೆಕೋಶವು ಸಾಕುವದು. ತೆಂಗಿನ ಎಳೆಯ ಹೊಂಬಾಳೆಯನ್ನು ಕೊಯ್ದಾಗ ತೊಟ್ಟಿಕ್ಕುವ ಸಿಹಿನೀರು ಈ ರಸವೇ. ಹುಳಿಯುವದಕ್ಕೆ ಮುಂಚೆ ಅದನ್ನು ಕಾಯಿಸಿದರೆ ಬೆಲ್ಲವಾಗುವದು.

ಈ ರಸವು ಹರಿಯುವ ರೀತಿಯನ್ನು ಜರ್ಮನಿಯ ಮ್ಯೂಂಕ್ ಎಂಬ ಪಂಡಿತರು 1930ರಲ್ಲಿ ವಿಸ್ತಾರವಾಗಿ ಬರೆದರು. ಎಲೆಯು ಈ ನಾಳಕ್ಕೆ ಸಕ್ಕರೆಯನ್ನು ತುಂಬಿದಾಗ ಪಕ್ಕದ ನೀರಿನ ನಾಳದಿಂದ ನೀರು ಒಳಸೇರಿ ಒತ್ತಡವು ಹೆಚ್ಚುವದು. ಸಕ್ಕರೆಯು ಖರ್ಚಾಗುವ ಸ್ಥಳದ ಕಡೆಗೆ ರಸವು ನೂಕಲ್ಪಡುವದು. ಬೇರಿಗೆ ಬೇಕಾದರೆ ಕೆಳಕ್ಕೆ, ಚಿಗುರಿಗೂ ಹಣ್ಣಿಗೂ ಬೇಕಾದರೆ ಮೇಲಕ್ಕೆ, ಎಲ್ಲಿ ಕೊರತೆಯುಂಟೋ ಅಲ್ಲಿಗೆ ಹರಿಯುವದು. ಬೇರು ನೀರನ್ನು ಕಳುಹಿಸದಿದ್ದರೆ ಎಲೆಯ ಸಕ್ಕರೆಯು ಕದಲದು; ಎಲೆಯ ಸಕ್ಕರೆ ಬಾರದಿದ್ದರೆ ಬೇರು ಹೊಸ ಮಣ್ಣಿಗೆ ಚಾಚದು. ನಾನು ಕೊಡುವವನು, ನೀನು ತೆಗೆದುಕೊಳ್ಳುವವನು ಎಂದು ಇವೆರಡರಲ್ಲಿ ಯಾವದೂ ಹೆಚ್ಚಳಪಡುವ ಹಾಗಿಲ್ಲ.

ಈಗ ಹಲಸಿನ ಮರದ ಗುಟ್ಟು ತಿಳಿಯಿತು. ಕತ್ತಿಯು ತೊಗಟೆಯನ್ನು ಮಾತ್ರ ಕೆತ್ತಿತು, ಕಟ್ಟಿಗೆಯನ್ನು ಮುಟ್ಟಲಿಲ್ಲ. ಆದಕಾರಣ ಬೇರು ನೀರನ್ನು ಕಳುಹಿಸುತ್ತಲೇ ಇತ್ತು, ಎಲೆಯು ಹಸುರಾಗಿಯೇ ಇತ್ತು. ಕೆಳಗಿಳಿಯಲಾರದ ಸಕ್ಕರೆಯು ಮೇಲೆಯೇ ನಿಂತದ್ದರಿಂದ ಹಣ್ಣಿಗೂ ಕೊರತೆಯಾಗಲಿಲ್ಲ. ಇಟಲಿಯ ಮಾಲ್ಪೀಘಿ ಎಂಬ ವೈದ್ಯರು ತೊಗಟೆ ತೆಗೆದ ಮರಗಳಲ್ಲಿ ಗಾಯದ ಮೇಲ್ಗಡೆ ಊದಿಕೊಳ್ಳುವದನ್ನು 17ನೆಯ ಶತಮಾನದಲ್ಲಿಯೇ ಗಮನಿಸಿದ್ದರು. ಇತ್ತ ಬೇರು ತಾನು ಕೂಡಿಸಿಟ್ಟಿದ್ದ ಹಿಟ್ಟಿನ ಸತ್ವವನ್ನು ತಿಂದು ತೀರಿಸಿ, ಯಾರಿಗೂ ಕಾಣದೆ ಹಸಿವಿನಿಂದ ಸತ್ತಿತು. ಬೇರು ಸತ್ತ ಮೇಲೆ ಎಲೆಗೆ ನೀರು ಕೊಡುವವರಿಲ್ಲ.

ಮೂರನೆಯದಾಗಿ, ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳೋಣ. ಮಾವಿನ ಮರದ ಮೇಲೆ ಬೆಳೆಯುವ ಬಂದಳಿಕೆಯನ್ನು ಎಲ್ಲರೂ ಬಲ್ಲೆವು. ಅದಕ್ಕೂ ಹಸುರೆಲೆಯುಂಟು, ಹೂವುಂಟು; ತನ್ನ ಸಕ್ಕರೆಯನ್ನು ತಾನೇ ಮಾಡಿಕೊಳ್ಳಬಲ್ಲದು. ಆದರೆ ನೀರನ್ನೂ ಲವಣವನ್ನೂ ಮಾವಿನ ಕಟ್ಟಿಗೆಯಿಂದ ಹೀರಿ, ಮಾವಿನ ಬೇರಿಗೆ ಏನನ್ನೂ ಹಿಂದಿರುಗಿಸದು. ದೂರದಿಂದ ನೋಡುವವನಿಗೆ ಅದೂ ಮಾವಿನ ಕೊಂಬೆಯಂತೆಯೇ ತೋರುವದು. ಹಳ್ಳಿಯಲ್ಲಿರುವ ತಾಯಿ ತಂದೆಗಳು ಹೊಟ್ಟೆಗೆ ಕಡಿಮೆಮಾಡಿ ಮಕ್ಕಳನ್ನು ಓದಿಸಿದರು. ಮಕ್ಕಳು ಪಟ್ಟಣದಲ್ಲಿ ಉದ್ಯೋಗ ಹಿಡಿದು ಚಿಗುರಿದರು. ಅವರಿಂದ ಮನೆಗೆ ಒಂದು ಮಾತಾದರೂ, ಒಂದು ಭೇಟಿಯಾದರೂ ಇಳಿದು ಬರುತ್ತದೋ? ಹಾಗೆಯೇ, ಹಿರಿಯರಾದ ನಾವು ಕಿರಿಯರಿಂದ ಕೈ ಚಾಚಿ ತೆಗೆದುಕೊಂಡು, ಅವರ ಕಷ್ಟದಲ್ಲಿ ತಂಪು ನೀರನ್ನು ಕೊಡದೆ ಬರಿಯ ಗದರಿಕೆಯನ್ನು ಕಳುಹಿಸಲಿಲ್ಲವೋ? ಆ ಅಣ್ಣತಮ್ಮಂದಿರು ಈಗಲೂ ಒಂದೇ ದೇವಾಲಯದಲ್ಲಿ ಬೇರೆ ಬೇರೆ ಬೆಂಚುಗಳ ಮೇಲೆ ಕುಳಿತು ಕೀರ್ತನೆ ಹಾಡುತ್ತಾರೆ. ಹಾಡು ಹಸುರಾಗಿದೆ, ಬೇರಿನ ಸ್ಥಿತಿಯನ್ನು ದೇವರು ಬಲ್ಲನು.

ಆದರೂ ನಿರೀಕ್ಷೆಯುಂಟು. ತೊಗಟೆ ಹೋದ ಮರವನ್ನು ಬೇರು ಸಾಯುವದಕ್ಕೆ ಮುಂಚೆ ಉಳಿಸಿಕೊಳ್ಳುವ ಉಪಾಯವನ್ನು ತೋಟಗಾರರು ಬಲ್ಲರು. ಅದೇ ಮರದ ಎಳೆಯ ಕಡ್ಡಿಗಳನ್ನು ಕೊಯ್ದು, ಒಂದು ತುದಿಯನ್ನು ಗಾಯದ ಕೆಳಗಿನ ತೊಗಟೆಯೊಳಗೂ ಇನ್ನೊಂದನ್ನು ಮೇಲಿನ ತೊಗಟೆಯೊಳಗೂ ಸೇರಿಸಿ ಸೇತುವೆಯಂತೆ ಕಸಿ ಕಟ್ಟುವರು. ಅದು ಬೆಸೆದರೆ ಸಿಹಿರಸವು ಮತ್ತೆ ಇಳಿಯುವದು. ಸೇತುವೆಯಾಗುವ ಕಡ್ಡಿಗೆ ಎರಡು ತುದಿಗಳಲ್ಲಿಯೂ ಕತ್ತಿ ತಗಲಬೇಕು. ಸಮಾಧಾನಪಡಿಸುವವನಿಗೂ ಎರಡು ಕಡೆಯಿಂದಲೂ ನೋವುಂಟು. ನಮ್ಮ ಕರ್ತನು ದೇವರಿಗೂ ಮನುಷ್ಯರಿಗೂ ನಡುವೆ ನಿಂತು ಗಾಯಪಟ್ಟದ್ದು ಹೀಗೆಯೇ ಅಲ್ಲವೇ? ಆತನ ಶಿಷ್ಯರಾದ ನಾವು ಊರಿನ ಒಂದು ಜಗಳದ ನಡುವೆ ನಿಲ್ಲುವದಕ್ಕೆ ಹಿಂಜರಿಯುವದು ಯುಕ್ತವಲ್ಲ.

ಕೂಡಿಕೆಯು ಎಲ್ಲಿ ಕಡಿದಿದೆಯೋ ಅಲ್ಲಿಗೆ ಈ ವಾರವೇ ಹೋಗೋಣ. ಎಲೆಯು ಇನ್ನೂ ಹಸುರಾಗಿದೆಯೆಂದು ತಡಮಾಡದಿರೋಣ. ಕೊಡುವದಕ್ಕೂ ತೆಗೆದುಕೊಳ್ಳುವದಕ್ಕೂ ದೀನಮನಸ್ಸನ್ನು ದೇವರು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೆನ್.