ಬಾಗುವದೂ ಬಾಗಿಸಲ್ಪಡುವದೂ

ದೀನಭಾವವನ್ನು ಕುರಿತು ಬೋಧಿಸುವದು ಸುಲಭವೆಂದು ನಾನು ಬಹು ದಿವಸ ತಿಳಿದಿದ್ದೆನು. ಕಳೆದ ನಾಟಿಯ ಕಾಲದಲ್ಲಿ ತುರ್ವಿಹಾಳದ ಸಂಜೆಯ ಕೂಟದಲ್ಲಿ ಈ ವಿಷಯವನ್ನೇ ವಿವರಿಸಿ ಮುಗಿಸಿದಾಗ, ದಿನವೆಲ್ಲಾ ಕೆಸರಿನಲ್ಲಿ ನೆಲ್ಲು ಹಚ್ಚಿ ಬಂದಿದ್ದ ಮುಪ್ಪಿನ ತಾಯಿಯೊಬ್ಬಳು ಎದ್ದು, "ಅಯ್ನೋರೆ, ಬಗ್ಗಿ ಬಗ್ಗಿ ನನ್ನ ನಡಾನ ಹೋಗೈತ್ರಿ. ಇನ್ನೂ ಎಷ್ಟು ಬಗ್ಗಬೇಕ್ರಿ?" ಎಂದು ಕೇಳಿದಳು. ಕೂಟದವರು ನಕ್ಕರು. ನನಗೆ ಉತ್ತರ ತೋಚದೆ, ಪ್ರಾರ್ಥನೆ ಮಾಡಿ ಕೂಟವನ್ನು ಮುಗಿಸಿಬಿಟ್ಟೆನು.

ಅದು ನಗುವ ಮಾತಲ್ಲ. ನಮ್ಮ ಸಭೆಗಳವರ ಹಿರಿಯರಲ್ಲಿ ಅನೇಕರು ಬಿಟ್ಟಿ ಚಾಕರಿಯನ್ನೂ ಜೀತವನ್ನೂ ಕಂಡವರು. ಕೆರವನ್ನು ಕೈಯಲ್ಲಿ ಹಿಡಿದು ದೊಡ್ಡವರ ಓಣಿಯನ್ನು ದಾಟಿದವರು. 1950ರಲ್ಲಿ ಜಾರಿಗೆ ಬಂದ ರಾಜ್ಯಾಂಗವು ಅಸ್ಪೃಶ್ಯತೆಯನ್ನು ತೆಗೆದುಹಾಕಿತು, 1976ರ ಕಾಯಿದೆಯು ಜೀತವನ್ನು ರದ್ದುಮಾಡಿತು. ಆದರೆ ಬಾಗಿದ ಬೆನ್ನು ಕಾಯಿದೆಯನ್ನು ಓದಿ ನೆಟ್ಟಗಾಗುವದಿಲ್ಲ. ಇಂಥವರ ಮುಂದೆ ನಿಂತು ತಗ್ಗಿರಿ, ತಗ್ಗಿರಿ ಎಂದು ಕೂಗುವಾಗ ನಾವು ಕರ್ತನ ಮಾತನ್ನು ಹೇಳುತ್ತೇವೋ, ಹಳೇ ಗೌಡಿಕೆಯ ಮಾತನ್ನು ಹೇಳುತ್ತೇವೋ?

ಆ ರಾತ್ರಿ ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯವನ್ನು ತಿರುಗಿ ಓದಿದೆನು. ಸ್ವಾಮಿಯು ನಡುವಿಗೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲುಗಳನ್ನು ತೊಳೆದನೆಂಬದನ್ನು ಮಕ್ಕಳೂ ಬಲ್ಲರು. ಆದರೆ ಸುವಾರ್ತಿಕನು ಅದಕ್ಕೆ ಮುಂಚೆ ಬೇರೊಂದು ಮಾತನ್ನು ಇಟ್ಟಿದ್ದಾನೆ. ಏನಂದರೆ, ತಾನು ತಂದೆಯ ಬಳಿಯಿಂದ ಬಂದವನೂ ತಂದೆಯ ಬಳಿಗೆ ಹೋಗುವವನೂ ಆಗಿದ್ದಾನೆಂದು ಯೇಸು ತಿಳಿದಿದ್ದನು. ತಿಳಿದೇ ಊಟದಿಂದ ಎದ್ದನು. ಆತನನ್ನು ಯಾರೂ ಬಾಗಿಸಲಿಲ್ಲ. ಅದೇ ಊಟದಲ್ಲಿ ಶಿಷ್ಯರು ತಮ್ಮೊಳಗೆ ಯಾರು ದೊಡ್ಡವನೆಂದು ವಾದಿಸಿದರೆಂದು ಲೂಕನು ಬರೆದಿದ್ದಾನೆ. ಅವರೊಳಗೆ ನೀರಿನ ಪಾತ್ರೆಗೆ ಕೈಹಚ್ಚುವವರಿಲ್ಲದಾಗ ಒಡೆಯನೇ ಕೈಹಚ್ಚಿದನು. ಹಾಗಾದರೆ ತಾನು ದೇವರ ಮಗಳೆಂಬದನ್ನು ಆ ತಾಯಿಗೆ ಮೊದಲು ಹೇಳದೆ, ಬಟ್ಟೆಯನ್ನು ಮಾತ್ರ ಆಕೆಯ ಕೈಗೆ ಕೊಟ್ಟದ್ದು ನನ್ನ ತಪ್ಪು.

ನಮ್ಮ ದೇಶದ ಸಭೆಗಳ ಚರಿತ್ರೆಯಲ್ಲಿ ಇದನ್ನು ತಿಳಿದವರು ಇದ್ದರು. 1836ರಲ್ಲಿ ಮಂಗಳೂರಿಗೆ ಬಂದು, 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹೆರ್ಮನ್ ಮೊಗ್ಲಿಂಗ್ ಅಯ್ಯನವರು ದೊಡ್ಡ ಪಂಡಿತರು; ಕನ್ನಡದ ಹಳೇ ಕಾವ್ಯಗಳನ್ನು ಅಚ್ಚುಹಾಕಿಸಿದವರು. ಅಂಥವರು 1850ರ ದಶಕದಲ್ಲಿ ಕೊಡಗಿಗೆ ಹೋಗಿ, ಒಡೆಯರ ಗದ್ದೆಗಳಿಗೆ ಅಂಟಿದ ಆಳುಗಳಾಗಿ ದುಡಿದಿದ್ದ ಹೊಲೆಯ ಕುಲದವರಿಗಾಗಿ ಆನಂದಪುರವೆಂಬ ನೆಲೆಯನ್ನು ಕಟ್ಟಿ, ಅವರ ನಡುವೆ ಮನೆ ಮಾಡಿಕೊಂಡಿದ್ದರು. ಅಲ್ಲಿ ಇಳಿದುಬಂದವರು ಪಂಡಿತರು, ಆಳುಗಳಲ್ಲ. (ಎಲ್ಲಾ ಮಿಶನ್ ದೊರೆಗಳೂ ಹೀಗಿದ್ದರೆಂದು ನಾನು ಹೇಳಲಾರೆನು; ಬಂಗಲೆಯ ಮೆಟ್ಟಿಲಿನ ಕೆಳಗೇ ನಮ್ಮವರನ್ನು ನಿಲ್ಲಿಸಿದವರೂ ಉಂಟು.)

ಈಗ ನಮ್ಮ ಸಭೆಗಳನ್ನು ನೋಡೋಣ. ಉಪದೇಶಕನಿಗೆ ಕುರ್ಚಿ, ಹಿರಿಯರಿಗೆ ಮುಂದಿನ ಜಮಖಾನೆ. ಪ್ರೀತಿಭೋಜನದಲ್ಲಿ ಹೆಂಗಸರು ಅಡಿಗೆ ಮಾಡಿ, ಬಡಿಸಿ, ಕಡೆಯಲ್ಲಿ ತಳದ ಸಾರನ್ನು ಉಣ್ಣುತ್ತಾರೆ. ಇದನ್ನು ಸೇವೆಯೆಂದು ಹೊಗಳಿ ನಾನು ಎಷ್ಟೋ ಸಾರಿ ಉಂಡೆದ್ದಿದ್ದೇನೆ. ಸೇವೆ ಮಾಡುವವರು ಯಾವಾಗಲೂ ಅವರೇ, ಹೊಗಳುವವರು ಯಾವಾಗಲೂ ನಾವೇ ಆಗಿದ್ದರೆ ಅದಕ್ಕೆ ಸೇವೆಯೆಂಬ ಹೆಸರು ಸಲ್ಲುವದೋ?

ಸುಗ್ಗಿಯ ಹಬ್ಬದಲ್ಲಿ ಹೆಂಗಸರನ್ನು ಮೊದಲು ಕೂಡ್ರಿಸಿ ಗಂಡಸರು ಬಡಿಸುವದೆಂದು ಗೊತ್ತುಮಾಡಿದೆವು. ಹಿರಿಯರಲ್ಲೊಬ್ಬರು, ಇದು ಊರಲ್ಲಿ ನಗೆಗೇಡೆಂದು ಹೇಳಿ ಉಣ್ಣದೆ ಮನೆಗೆ ಹೋದರು. ಅವರ ಮನೆಗೆ ನಾನು ಎರಡು ಸಾರಿ ಹೋಗಿ ಬಂದಿದ್ದೇನೆ, ಇನ್ನೂ ಹೋಗಬೇಕಾಗಿದೆ. ಆ ಮುಪ್ಪಿನ ತಾಯಿಯು ಸಾರಿನ ಪಾತ್ರೆಯನ್ನು ಹಿಡಿಯಲು ಎರಡು ಸಾರಿ ಎದ್ದಳು, ಎರಡು ಸಾರಿಯೂ ಕೂಡ್ರಿಸಿದೆವು. ಮೂರನೆಯ ಸಾರಿ ಏಳಲಿಲ್ಲ. ನಾನು ಬಡಿಸುತ್ತಾ ಎಲೆಯ ಮೇಲೆ ಸಾರು ಚೆಲ್ಲಿದ್ದನ್ನು ನೋಡಿ, "ಇನ್ನೊಂಚೂರು ಬಗ್ಗ್ರಿ ಅಯ್ನೋರೆ" ಅಂದಳು.