ಬರಹಕ್ಕೂ ಕೂಲಿಯುಂಟು

ಬರವಣಿಗೆಯನ್ನೇ ನೆಚ್ಚಿ ಬದುಕಬಹುದೇ? ತಿಂಗಳ ಸಂಬಳವಿಲ್ಲದೆ, ಪತ್ರಿಕೆಗಳಿಗೂ ಪ್ರಕಾಶಕರಿಗೂ ಬರೆದುಕೊಟ್ಟು ಸಂಸಾರ ತೂಗಿಸುತ್ತೇನೆನ್ನುವ ಮಗನನ್ನು ಕಂಡು ಹೆತ್ತವರು ಕಳವಳಪಡುವುದು ಸಹಜ. ‘ಅಕ್ಷರವನ್ನೂ ಮಾರುವುದೇ?’ ಎಂದು ಹಳಿಯುವವರೂ ಇದ್ದಾರೆ.

ಕಾದಂಬರಿಕಾರ ಗಳಗನಾಥರನ್ನು (1869–1942) ನೆನೆಯೋಣ. ಕನ್ನಡ ಪುಸ್ತಕ ಕೊಳ್ಳುವವರೇ ವಿರಳವಾಗಿದ್ದ ಕಾಲದಲ್ಲಿ, ಅವರು ತಮ್ಮ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಅದರಲ್ಲಿ ಅವಮಾನವೇನಿತ್ತು? ಗುಡಾರ ಮಾಡುವ ಕಸುಬಿನಿಂದ ಜೀವಿಸಿದ ಸಂತ ಪೌಲರೂ ದುಡಿದವನಿಗೆ ಕೂಲಿ ಸಲ್ಲಬೇಕೆಂದೇ ಬೋಧಿಸಿದರು.

ಆದರೆ ಲೇಖಕನು ತನ್ನ ದುಡಿಮೆಯನ್ನು ಮಾರಬಹುದು, ಮನಸ್ಸಾಕ್ಷಿಯನ್ನು ಮಾರಬಾರದು. ಮನೆಯಲ್ಲಿ ಅಕ್ಕಿ ಮುಗಿದ ದಿನವೇ ಸುಳ್ಳು ಹೊಗಳಿಕೆ ಬರೆಸಲು ಹಣ ಹಿಡಿದು ಬರುವವರಿದ್ದಾರೆ. ಆಗ ‘ಒಲ್ಲೆ’ ಎನ್ನುವ ಧೈರ್ಯ ಬೇಕು. ಹಸಿವಿನ ಮುಂದೆ ಒಬ್ಬನ ಧೈರ್ಯ ಎಷ್ಟು ದಿನ ನಿಂತೀತು?

ಆದ್ದರಿಂದ ಬರೆಸಿಕೊಂಡವರು ಹೇಳಿದ ದಿನಕ್ಕೆ ಸಂಭಾವನೆ ಸಲ್ಲಿಸಲಿ; ಓದುಗರು ಪುಸ್ತಕವನ್ನು ಎರವಲು ಕೇಳದೆ ಕೊಂಡು ಓದಲಿ. ಬರೆಯುವವನ ಕೂಲಿಯನ್ನು ತಡೆಹಿಡಿದು, ಅವನಿಂದ ಸತ್ಯವನ್ನು ಮಾತ್ರ ನಿರೀಕ್ಷಿಸುವುದು ನ್ಯಾಯವೇ?