ಹಾಳೆಯ ಬಿಳುಪು

ತಪ್ಪು ಮಾಡಿದವರನ್ನು ತಿದ್ದುವುದು ಪ್ರೀತಿಯ ಕಾರ್ಯವೆಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದ್ದಾರೆ. ಆದರೆ ತಪ್ಪಲ್ಲದ್ದನ್ನು ನಾವು ತಿದ್ದಿಬಿಟ್ಟರೆ?

ಒಮ್ಮೆ ಧರ್ಮೋಪದೇಶ ತರಗತಿಯ ಮಕ್ಕಳೊಡನೆ ಸಿರುಗುಪ್ಪದ ಬಳಿಯ ಕೆಂಚನಗುಡ್ಡಕ್ಕೆ ಹೋಗಿದ್ದೆ. ತುಂಗಭದ್ರೆಯ ಈ ದಡದಲ್ಲಿ ದೊಡ್ಡ ಕಾಡೇನೂ ಇಲ್ಲ. ಭತ್ತದ ಗದ್ದೆಗಳು, ನಡುವೆ ಬೇವು, ಬಳ್ಳಾರಿ ಜಾಲಿ. ಆ ನೆರಳಿನ ಕಾಲುದಾರಿಯನ್ನು ಒಬ್ಬ ಹುಡುಗ ಜಲವರ್ಣದಲ್ಲಿ ಬಿಡಿಸುತ್ತಿದ್ದ. ದಾರಿಯ ಮೇಲೆ ಬಿದ್ದ ಬಿಸಿಲಿಗಾಗಿ ದುಂಡು ದುಂಡಾದ ಬಿಳಿ ಜಾಗ ಬಿಟ್ಟಿದ್ದ.

ಜಲವರ್ಣದಲ್ಲಿ ಬೆಳಕನ್ನು ಬಳಿಯುವುದಿಲ್ಲ, ಬಿಡುತ್ತಾರೆ. ಹಾಳೆಯ ಬಿಳುಪೇ ಬೆಳಕು. ಮೊದಲು ತೆಳು ಬಣ್ಣ, ಅದು ಒಣಗಿದ ಮೇಲೆ ಗಾಢ ಬಣ್ಣ. ತೈಲವರ್ಣದಲ್ಲಾದರೆ ಕತ್ತಲೆಯ ಮೇಲೂ ಬೆಳಕು ಹಚ್ಚಬಹುದು. ಇಲ್ಲಿ ಕೈ ಎಲ್ಲಿ ಹೋಗಬಾರದೆಂಬುದನ್ನು ಮೊದಲೇ ನಿಶ್ಚಯಿಸಬೇಕು.

ನಾನು ಸೆಮಿನರಿಯಲ್ಲಿದ್ದಾಗ ಬೆಂಗಳೂರಿನಲ್ಲಿ ಕೆ. ವೆಂಕಟಪ್ಪನವರ (1886–1965) ಊಟಿಯ ಜಲವರ್ಣ ಚಿತ್ರಗಳನ್ನು ನೋಡಿದವನು. ಬಲ್ಲವನೆಂಬ ಹಮ್ಮು ಬೇರೆ. "ಎಲೆಗಳ ಸಂದು ಸೊಟ್ಟಗಿರುವಾಗ ಬೆಳಕು ದುಂಡಗೆ ಬೀಳುತ್ತದೇನಪ್ಪಾ?" ಎಂದು ಅವನ ಬ್ರಷ್ ತೆಗೆದುಕೊಂಡು ಕಂದು ಬಣ್ಣ ಎಳೆದೇ ಬಿಟ್ಟೆ. ಅವನು ಏನೂ ಹೇಳಲಿಲ್ಲ. ಗುರುಗಳಿಗೆ ಎದುರಾಡಬಾರದೆಂದು ನಾವೇ ಕಲಿಸಿದ್ದೇವಲ್ಲ!

ಹಿಂತಿರುಗುವಾಗ ದಾರಿ ನೋಡಿದೆ. ಬೆಳಕು ದುಂಡಗೇ ಬಿದ್ದಿತ್ತು. ಎತ್ತರದ ಎಲೆಗಳ ಸಣ್ಣ ಸಂದು ಯಾವ ಆಕಾರದ್ದಾದರೂ ನೆಲದ ಮೇಲೆ ಮೂಡುವುದು ಸೂರ್ಯನ ಬಿಂಬ. ಪಾರ್ಶ್ವ ಗ್ರಹಣದ ದಿನ ಅದೇ ಚುಕ್ಕೆಗಳು ಕುಡುಗೋಲಿನಂತಾಗುತ್ತವೆ. ಹುಡುಗ ಕಂಡದ್ದನ್ನು ಬರೆದಿದ್ದ. ನಾನು ನೋಡದೆಯೇ ತಿದ್ದಿದ್ದೆ. ಮನೆಗಳಲ್ಲಿ ತಂದೆತಾಯಿಯರೂ ಎಷ್ಟೋ ಬಾರಿ ಹೀಗೆ ಮಾಡುತ್ತಾರೆ. ಅವರನ್ನು ದೂರುವ ಅರ್ಹತೆ ನನಗೀಗ ಇಲ್ಲ.

ಒದ್ದೆ ಬ್ರಷ್ಷಿನಿಂದ ಬಣ್ಣ ಸ್ವಲ್ಪ ಎತ್ತಬಹುದು, ಕಲೆ ಉಳಿಯುತ್ತದೆ. ಮೇಲೆ ಬಿಳಿ ಬಣ್ಣ ಹಚ್ಚಿದರೆ ತೇಪೆಯಂತೆ ಕಾಣುತ್ತದೆ. ಪಾಪನಿವೇದನೆಯಲ್ಲಿ ನನಗೆ ಕ್ಷಮೆ ದೊರೆತೀತು. ಹುಡುಗನ ಹಾಳೆ ಬೆಳ್ಳಗಾಗುವುದೆ? ಕೆಡಿಸಿದ್ದನ್ನು ಹಾಗೆಯೇ ಹಿಂತಿರುಗಿಸಲಾಗದಿದ್ದರೂ ಆದಷ್ಟು ತುಂಬಿಕೊಡಬೇಕೆಂದೂ ಅದೇ ಸಂತರು ಹೇಳಿದ್ದಾರೆ.

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ, ಇತರ ಮಕ್ಕಳ ಎದುರಿಗೇ, "ನೀನು ಬರೆದದ್ದೇ ಸರಿ, ತಪ್ಪು ನನ್ನದು" ಎಂದೆ. ಅವನು ತಲೆ ತಗ್ಗಿಸಿ ನಕ್ಕ.

"ಆ ಹಾಳಿ ಕೆಟ್ಟೋತಲ್ರಿ ಫಾದರ್. ಬ್ಯಾರೆದ್ದು ಕೊಡ್ರಿ. ನೀವು ಮಾತ್ರ ಬ್ರಷ್ ಮುಟ್ಟಬ್ಯಾಡ್ರಿ."